ಕಣ್ಣಾಸ್ಪತ್ರೆಗಳ ಮೇಲೆ ಬಂಡವಾಳಗಾರರ ಕಣ್ಣು: ಲಾಭ ಯಾರಿಗೆ, ಬಿಲ್ ಯಾರಿಗೆ?

2025ರ ಜನವರಿ ಕೊನೆಯ ವಾರ ಒಂದು ಕಣ್ಣಾಸ್ಪತ್ರೆ ಷೇರುಪೇಟೆಗೆ ಬಂತು. ಚೆನ್ನೈ ಮೂಲದ ಡಾ. ಅಗರ್ವಾಲ್ಸ್ ಹೆಲ್ತ್ ಕೇರ್ ಕಂಪನಿಯ ಐಪಿಒ ಜನವರಿ 29ರಂದು ತೆರೆದು 31ರಂದು ಮುಗಿಯಿತು. ಷೇರಿನ ಬೆಲೆ 382ರಿಂದ 402 ರೂಪಾಯಿ, ಒಟ್ಟು ಮೊತ್ತ ಸುಮಾರು 3,027 ಕೋಟಿ ರೂಪಾಯಿ. ಫೆಬ್ರವರಿ 4ರಂದು ಷೇರು ಪಟ್ಟಿಯಾದಾಗ ದೊಡ್ಡ ಜಿಗಿತವೇನೂ ಕಾಣಲಿಲ್ಲ. ಹೂಡಿಕೆದಾರರ ಗುಂಪುಗಳಲ್ಲಿ ಎರಡು ದಿನ ಚರ್ಚೆಯಾಗಿ ಸುದ್ದಿ ತಣ್ಣಗಾಯಿತು.

ಆ ಐಪಿಒ ಲೆಕ್ಕದಲ್ಲಿ ಇನ್ನೊಂದು ಸುದ್ದಿಯಿತ್ತು. 3,027 ಕೋಟಿಯಲ್ಲಿ ಆಸ್ಪತ್ರೆಯ ಖಜಾನೆಗೆ ಹೋಗುವ ಹೊಸ ಹಣ 300 ಕೋಟಿ ಮಾತ್ರ. ಅದರಲ್ಲೂ 195 ಕೋಟಿ ಹಳೆಯ ಸಾಲ ತೀರಿಸಲಿಕ್ಕೆ. ಉಳಿದ 2,727 ಕೋಟಿ, ಈಗಾಗಲೇ ಷೇರು ಇಟ್ಟುಕೊಂಡಿದ್ದವರು ತಮ್ಮ ಪಾಲಿನ ಒಂದು ಭಾಗ ಮಾರಿ ಕೈಗೆ ತೆಗೆದುಕೊಂಡದ್ದು. ಮಾರಿದವರಲ್ಲಿ ದೊಡ್ಡ ಹೆಸರುಗಳು ಅಮೆರಿಕದ ಟಿಪಿಜಿ ಮತ್ತು ಸಿಂಗಪುರ ಸರ್ಕಾರದ ಒಡೆತನದ ಟೆಮಾಸೆಕ್. ಅಂದರೆ ಸಾಮಾನ್ಯ ಹೂಡಿಕೆದಾರ ಕೊಟ್ಟ ಪ್ರತಿ ಹತ್ತು ರೂಪಾಯಿಯಲ್ಲಿ ಒಂಬತ್ತು ರೂಪಾಯಿ ಹೊಸ ಆಪರೇಷನ್ ಥಿಯೇಟರ್ ಕಟ್ಟಲಿಕ್ಕಲ್ಲ, ಮೊದಲು ಹಣ ಹಾಕಿದ್ದವರ ಲಾಭ ಎಣಿಸಲಿಕ್ಕೆ ಹೋಯಿತು.

ಇದರಲ್ಲಿ ಅಕ್ರಮವೇನೂ ಇಲ್ಲ. ಇದೇ ಈ ವ್ಯವಹಾರದ ಕ್ರಮ. ಆದರೆ ಮುಂಬೈಯಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸದಲ್ಲಿರುವ ಮಗ, ಮಗಳು ಊರಿಂದ ಅಪ್ಪನನ್ನು ಕರೆಸಿಕೊಂಡು ಪೊರೆ ಆಪರೇಷನ್‌ಗೆ ಸೇರಿಸುವಾಗ, ಆ ಆಸ್ಪತ್ರೆಯ ಹಿಂದೆ ಯಾರ ಹಣ ಇದೆ, ಆ ಹಣಕ್ಕೆ ಎಷ್ಟು ಅವಸರ ಇದೆ ಎಂಬುದು ಅವರ ಬಿಲ್ಲಿಗೂ ಸಂಬಂಧಪಟ್ಟ ವಿಷಯ. ಅದಕ್ಕೇ ಈ ಬರಹ.

ಕಣ್ಣೇ ಯಾಕೆ?

ಪ್ರೈವೇಟ್ ಇಕ್ವಿಟಿ ಎಂದರೆ ಸರಳವಾಗಿ ಹೀಗೆ. ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು, ಭಾರೀ ಶ್ರೀಮಂತ ಕುಟುಂಬಗಳು ಒಂದು ನಿಧಿಗೆ ಹಣ ಕೊಡುತ್ತವೆ. ಆ ನಿಧಿಯ ಆಯುಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರೊಳಗೆ ಕಂಪನಿಗಳಲ್ಲಿ ಪಾಲು ಕೊಂಡು, ಬೆಳೆಸಿ, ಮಾರಿ, ಹಣವನ್ನು ಲಾಭದೊಂದಿಗೆ ಹಿಂದಿರುಗಿಸಬೇಕು. ಹಾಗಾಗಿ ಒಂದೊಂದು ಕಂಪನಿಯಲ್ಲಿ ನಾಲ್ಕೈದು ವರ್ಷದಿಂದ ಏಳು ವರ್ಷ ಇದ್ದು ಹೊರಡುತ್ತಾರೆ. ಟೆಮಾಸೆಕ್‌ನಂಥ ಸರ್ಕಾರಿ ಹೂಡಿಕೆ ಸಂಸ್ಥೆಗಳಿಗೆ ಈ ಗಡುವು ಅಷ್ಟು ಬಿಗಿಯಲ್ಲ, ಆದರೆ ಅವೂ ಲಾಭಕ್ಕೇ ಬಂದವು.

ಅಂಥ ಹಣಕ್ಕೆ ಕಣ್ಣಿನ ಚಿಕಿತ್ಸೆಯಷ್ಟು ಅಚ್ಚುಕಟ್ಟಾಗಿ ಹೊಂದುವ ವೈದ್ಯಕೀಯ ವಿಭಾಗ ಇನ್ನೊಂದು ಸಿಗುವುದು ಕಷ್ಟ. ಪೊರೆ ಶಸ್ತ್ರಚಿಕಿತ್ಸೆ ನುರಿತ ವೈದ್ಯರ ಕೈಯಲ್ಲಿ ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಬೆಳಗ್ಗೆ ಬಂದ ರೋಗಿ ಮಧ್ಯಾಹ್ನ ಮನೆಗೆ. ರಾತ್ರಿ ಮಲಗಿಸುವ ಹಾಸಿಗೆ, ಐಸಿಯು, ಅಡುಗೆಮನೆ, ಮೂರು ಪಾಳಿಯ ನರ್ಸ್‌ಗಳು ಬೇಕಿಲ್ಲ. ಹೃದಯದ ಆಸ್ಪತ್ರೆ ಕಟ್ಟುವ ಖರ್ಚಿನ ಒಂದು ಚೂರಿನಲ್ಲಿ ಕಣ್ಣಾಸ್ಪತ್ರೆ ಶುರುವಾಗುತ್ತದೆ. ವಯಸ್ಸಾದವರ ಸಂಖ್ಯೆ ಏರುತ್ತಿದೆ, ಸಕ್ಕರೆ ಕಾಯಿಲೆ ಏರುತ್ತಿದೆ, ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅಂದರೆ ರೋಗಿಗಳು ಕಡಿಮೆಯಾಗುವ ಲಕ್ಷಣ ಇಲ್ಲ. 2015ರಿಂದ 2019ರ ನಡುವೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆ ಪ್ರಕಾರ 50 ದಾಟಿದವರಲ್ಲಿ ಕುರುಡುತನಕ್ಕೆ ಶೇ. 66ರಷ್ಟು ಪ್ರಕರಣಗಳಲ್ಲಿ ಪೊರೆಯೇ ಕಾರಣ. ಆಪರೇಷನ್ ಮಾಡಿದರೆ ವಾಸಿಯಾಗುವ ಕುರುಡುತನ ಇದು.

ಇನ್ನೊಂದು ಆಕರ್ಷಣೆ ಬಗ್ಗೆ ಹೂಡಿಕೆದಾರರು ಬಹಿರಂಗವಾಗಿ ಹೆಚ್ಚು ಮಾತಾಡುವುದಿಲ್ಲ. ಇಲ್ಲಿ ರೋಗಿ ಬಹುಪಾಲು ತನ್ನ ಜೇಬಿನಿಂದ ಕೊಡುತ್ತಾನೆ. ಹೃದಯದ ಬೈಪಾಸ್‌ಗೆ ವಿಮಾ ಕಂಪನಿ ಚೌಕಾಸಿಗೆ ಕೂರುತ್ತದೆ, ಬಿಲ್ ಕತ್ತರಿಸುತ್ತದೆ, ತಿಂಗಳುಗಟ್ಟಲೆ ಸತಾಯಿಸುತ್ತದೆ. ಪೊರೆಯ ವಿಷಯದಲ್ಲಿ ಹಾಗಲ್ಲ. ವಿಮೆ ಇದ್ದರೂ ಮಿತಿ ಇರುತ್ತದೆ. ಉದಾಹರಣೆಗೆ ಎಲ್ಲ ಕಂಪನಿಗಳೂ ಮಾರುವ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲಿ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ 40,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟೇ. ಅದರ ಮೇಲಿನದು ಮನೆಯವರ ಪಾಲು. 'ಅಪ್ಪನ ಕಣ್ಣಿನ ವಿಷಯ, ದುಡ್ಡಿನ ಮುಖ ನೋಡೋದು ಬೇಡ' ಎನ್ನುವ ಮಗನ ಜತೆ ಚೌಕಾಸಿ ಮಾಡಬೇಕಾಗಿಯೇ ಇಲ್ಲ.

ಕೊಳ್ಳುವ ಕ್ರಮ

ಡಾ. ಅಗರ್ವಾಲ್ಸ್ ನಿನ್ನೆ ಮೊನ್ನೆಯ ಸಂಸ್ಥೆಯಲ್ಲ. ಡಾ. ಜೈವೀರ್ ಅಗರ್ವಾಲ್ ಮತ್ತು ಡಾ. ತಾಹಿರಾ ಅಗರ್ವಾಲ್ ದಂಪತಿ 1957ರಲ್ಲಿ ಚೆನ್ನೈಯಲ್ಲಿ ಆರಂಭಿಸಿದ ವೈದ್ಯಕೀಯ ಪರಂಪರೆ ಅದು. ದಶಕಗಟ್ಟಲೆ ಕುಟುಂಬದ ಆಸ್ಪತ್ರೆಯಾಗಿದ್ದದ್ದು ಹೊರಗಿನ ಹಣ ಬಂದ ಮೇಲೆ ಓಡತೊಡಗಿತು. ಟೆಮಾಸೆಕ್ 2019ರಲ್ಲಿ ಬಂತು. 2022ರ ಮೇ ತಿಂಗಳಲ್ಲಿ ಟಿಪಿಜಿ ಮತ್ತು ಟೆಮಾಸೆಕ್ ಸೇರಿ 1,050 ಕೋಟಿ ರೂಪಾಯಿ ಹಾಕಿದವು. ಮರುವರ್ಷ ಮತ್ತೆ ಸುಮಾರು 8 ಕೋಟಿ ಡಾಲರ್. 2024ರ ಸೆಪ್ಟೆಂಬರ್ ಹೊತ್ತಿಗೆ ಭಾರತದಲ್ಲಿ 193, ಆಫ್ರಿಕಾದ ಒಂಬತ್ತು ದೇಶಗಳಲ್ಲಿ 16, ಒಟ್ಟು 209 ಕೇಂದ್ರಗಳು. ದೇಶದ ಕಣ್ಣಾಸ್ಪತ್ರೆ ಸರಣಿಗಳ ಮಾರುಕಟ್ಟೆಯಲ್ಲಿ ತನ್ನ ಪಾಲು ಸುಮಾರು ಕಾಲು ಭಾಗ ಎಂದು ಐಪಿಒ ದಾಖಲೆಯಲ್ಲಿ ಕಂಪನಿ ಹೇಳಿಕೊಂಡಿತು. 2023-24ರಲ್ಲಿ ಆದಾಯ 1,332 ಕೋಟಿ, ಲಾಭ 95 ಕೋಟಿ.

ಇದೊಂದೇ ಅಲ್ಲ. ಜೋಧ್‌ಪುರದಲ್ಲಿ 2005ರಲ್ಲಿ ಏಮ್ಸ್‌ನಲ್ಲಿ ಓದಿದ ವೈದ್ಯರು ಕಟ್ಟಿದ ಎಎಸ್‌ಜಿ ಕಣ್ಣಾಸ್ಪತ್ರೆಗೆ 2022ರಲ್ಲಿ ಜನರಲ್ ಅಟ್ಲಾಂಟಿಕ್ ಮತ್ತು ಕೇದಾರಾ ಕ್ಯಾಪಿಟಲ್‌ನಿಂದ 1,500 ಕೋಟಿ. ಹೈದರಾಬಾದಿನ ಮ್ಯಾಕ್ಸಿವಿಷನ್‌ಗೆ 2023ರಲ್ಲಿ ಕ್ವಾಡ್ರಿಯಾ ಕ್ಯಾಪಿಟಲ್‌ನಿಂದ 1,300 ಕೋಟಿವರೆಗಿನ ಭರವಸೆ. ದೆಹಲಿಯ ಸೆಂಟರ್ ಫಾರ್ ಸೈಟ್‌ಗೆ ಕ್ರಿಸ್‌ಕ್ಯಾಪಿಟಲ್. ಎರಡು ಮೂರು ವರ್ಷದೊಳಗೆ ಸಾವಿರಾರು ಕೋಟಿ ರೂಪಾಯಿ ಒಂದೇ ಒಂದು ಅಂಗದ ಚಿಕಿತ್ಸೆಗೆ ಹರಿದು ಬಂತು. ಸುದ್ದಿಮನೆಯ ಡೆಸ್ಕಿನಲ್ಲಿ ಕೂತವರಿಗೆ ಇದು ಬೇಗ ಗೊತ್ತಾಗುತ್ತದೆ. ಆಸ್ಪತ್ರೆಗಳ ಪತ್ರಿಕಾ ಪ್ರಕಟಣೆಗಳಲ್ಲಿ 'ಅಪರೂಪದ ಶಸ್ತ್ರಚಿಕಿತ್ಸೆ ಯಶಸ್ವಿ' ಎಂಬ ಶೀರ್ಷಿಕೆಗಿಂತ 'ಇಷ್ಟು ನಗರಗಳಿಗೆ ವಿಸ್ತರಣೆ' ಎಂಬುದೇ ಹೆಚ್ಚಾಗುತ್ತದೆ.

ವಿಸ್ತರಣೆಗೆ ಎರಡು ದಾರಿ. ಹೊಸದಾಗಿ ಕಟ್ಟುವುದು, ಇಲ್ಲವೇ ಇರುವುದನ್ನು ಕೊಳ್ಳುವುದು. ಎರಡನೆಯದು ವೇಗ. ಒಂದು ನಗರದಲ್ಲಿ ಮೂವತ್ತು ವರ್ಷ ಹೆಸರು ಮಾಡಿದ ಕಣ್ಣಿನ ಡಾಕ್ಟರು ಇರುತ್ತಾರೆ. ವಯಸ್ಸು ಅರವತ್ತು ದಾಟಿದೆ. ಮಕ್ಕಳು ವಿದೇಶದಲ್ಲಿ, ಅಥವಾ ಡಾಕ್ಟರೇ ಆಗಿಲ್ಲ. ಹೊಸ ಲೇಸರ್ ಯಂತ್ರ ಕೊಳ್ಳಬೇಕೆಂದರೆ ಕೋಟಿಗಳ ಲೆಕ್ಕ. ಅಂಥ ಹೊತ್ತಿಗೆ ಸರಣಿಯವರು ಬಂದು ಶೇ. 51 ಪಾಲು ಕೊಳ್ಳುತ್ತೇವೆ, ನೀವು ಇನ್ನಷ್ಟು ವರ್ಷ ಇಲ್ಲೇ ಇರಿ, ಬೋರ್ಡಿನ ಮೇಲೆ ನಿಮ್ಮ ಹೆಸರೂ ಇರಲಿ ಎನ್ನುತ್ತಾರೆ. ಮುಂಬೈ ಓದುಗರಿಗೆ ಗೊತ್ತಿರುವ ವಡಾಲಾದ ಆದಿತ್ಯ ಜ್ಯೋತ್ ಕಣ್ಣಾಸ್ಪತ್ರೆಯ ಬಹುಪಾಲು 2021ರಲ್ಲಿ ಅಗರ್ವಾಲ್ಸ್ ತೆಕ್ಕೆಗೆ ಬಂತು. ರೋಗಿಗೆ ಹಳೆಯ ಹೆಸರು ಕಾಣುತ್ತದೆ, ಹಳೆಯ ಡಾಕ್ಟರೂ ಕಾಣುತ್ತಾರೆ. ಒಡೆತನ ಬದಲಾಗಿದೆ ಎಂದು ಹೇಳಬೇಕಾದ ಕಾನೂನು ಇಲ್ಲ.

ಈ ಲೆಕ್ಕಾಚಾರದಲ್ಲಿ ಲಾಭ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ ಸಾಕು. ವರ್ಷಕ್ಕೆ 2 ಕೋಟಿ ಲಾಭ ಮಾಡುವ ಒಂಟಿ ಆಸ್ಪತ್ರೆಯನ್ನು ಅದರ ಎಂಟು ವರ್ಷದ ಲಾಭದಷ್ಟು, ಅಂದರೆ 16 ಕೋಟಿಗೆ ಕೊಂಡಿರಿ ಎನ್ನಿ. ನೂರು ಆಸ್ಪತ್ರೆಗಳ ಸರಣಿಯೊಳಗೆ ಅದು ಸೇರಿದ ಮೇಲೆ ಷೇರುಪೇಟೆ ಅದೇ 2 ಕೋಟಿ ಲಾಭಕ್ಕೆ ಇಪ್ಪತ್ತು ಪಟ್ಟು ಬೆಲೆ ಕಟ್ಟುತ್ತದೆ. 16 ಕೋಟಿಯದು 40 ಕೋಟಿ ಆಯಿತು. ಒಬ್ಬ ರೋಗಿಯೂ ಹೆಚ್ಚಾಗಿಲ್ಲ, ಒಂದು ಕಣ್ಣೂ ಹೆಚ್ಚು ಚೆನ್ನಾಗಿ ಕಂಡಿಲ್ಲ. ಆದರೆ 40 ಕೋಟಿ ಕೊಟ್ಟು ಷೇರು ಕೊಂಡವರು ಸುಮ್ಮನೆ ಕೂರುವುದಿಲ್ಲ. ಮುಂದಿನ ವರ್ಷ ಲಾಭ 2 ಕೋಟಿ ಬದಲು ಎರಡೂವರೆ ಆಗಲಿ ಎಂದು ಕೇಳುತ್ತಾರೆ. ಆ ಎರಡೂವರೆ ಮಾತ್ರ ರೋಗಿಯಿಂದಲೇ ಬರಬೇಕು.

ಪಾಲು ಮಾರಿದ ಡಾಕ್ಟರಿಗೆ ಮನಸ್ಸಿಗೆ ಬಂದರೆ ಹೊರಗೆ ಬಂದು ಎದುರಿಗೇ ಹೊಸ ಕ್ಲಿನಿಕ್ ಹಾಕಬಹುದಲ್ಲ ಎನ್ನಬಹುದು. ಸಂಬಳಕ್ಕಿದ್ದ ವೈದ್ಯರಿಗೆ ಅದು ಸಾಧ್ಯ. ಕೆಲಸ ಬಿಟ್ಟವನು ಅದೇ ವೃತ್ತಿ ಮಾಡಬಾರದು ಎಂಬ ಕರಾರು ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಸಿಂಧು. ಆದರೆ ಅದೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ. ವ್ಯವಹಾರದ ಹೆಸರು, ವರ್ಚಸ್ಸನ್ನು ಮಾರಿದವನು ಒಂದು ಪ್ರದೇಶದೊಳಗೆ ಅದೇ ವ್ಯವಹಾರ ಮಾಡುವುದಿಲ್ಲ ಎಂದು ಒಪ್ಪಿಕೊಂಡರೆ, ಷರತ್ತು ನ್ಯಾಯಸಮ್ಮತವಾಗಿದ್ದರೆ, ಅದು ಊರ್ಜಿತ. ಮಾರಿದ ಡಾಕ್ಟರಿಗೆ ಕಟ್ಟು ಬೀಳುವುದು ಅಲ್ಲಿ.

ಲೆನ್ಸ್ ಆಯ್ಕೆಯ ಕುರ್ಚಿ

ಒತ್ತಡ ರೋಗಿಗೆ ತಾಗುವ ಜಾಗ ಆಪರೇಷನ್ ಥಿಯೇಟರ್ ಅಲ್ಲ. ಅಲ್ಲಿ ಗುಣಮಟ್ಟ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಸರಣಿ ಆಸ್ಪತ್ರೆಗಳಲ್ಲಿ ಒಂಟಿ ಕ್ಲಿನಿಕ್‌ಗಿಂತ ಶಿಸ್ತು ಹೆಚ್ಚೇ ಇರಬಹುದು. ಒತ್ತಡ ತಾಗುವುದು ಅದಕ್ಕೂ ಮೊದಲು, 'ಕೌನ್ಸೆಲಿಂಗ್' ಎಂಬ ಬೋರ್ಡಿರುವ ಸಣ್ಣ ಕೋಣೆಯಲ್ಲಿ.

ಕಣ್ಣು ಪರೀಕ್ಷೆ ಮಾಡಿದ ಡಾಕ್ಟರು ಪೊರೆ ಬಂದಿದೆ, ತೆಗೆಯಬೇಕು ಎನ್ನುತ್ತಾರೆ. ಅಲ್ಲಿಂದ ಮುಂದೆ ಡಾಕ್ಟರಲ್ಲದ ಒಬ್ಬರು ಲ್ಯಾಮಿನೇಟ್ ಮಾಡಿದ ದರಪಟ್ಟಿ ಹಿಡಿದು ಕೂರುತ್ತಾರೆ. ಮಾಮೂಲಿ ಲೆನ್ಸ್, ಆಮದು ಲೆನ್ಸ್, ಟಾರಿಕ್, ಮಲ್ಟಿಫೋಕಲ್, ಟ್ರೈಫೋಕಲ್. ಮಾಮೂಲಿ ಆಪರೇಷನ್ನೋ ಲೇಸರ್ ಸಹಾಯದ್ದೋ. ಕೆಳಗಿನ ಸಾಲಿನಿಂದ ಮೇಲಿನ ಸಾಲಿಗೆ ಹೋಗುವಷ್ಟರಲ್ಲಿ ಬಿಲ್ ಕೆಲವು ಸಾವಿರದಿಂದ ಲಕ್ಷ ದಾಟುತ್ತದೆ. ಮೇಲಿನ ಲೆನ್ಸ್‌ಗಳು ಮೋಸವಲ್ಲ. ಕಾರ್ನಿಯಾದ ಆಕಾರ ಓರೆಯಿದ್ದವರಿಗೆ ಟಾರಿಕ್ ನಿಜಕ್ಕೂ ಒಳ್ಳೆಯದು. ಕನ್ನಡಕವಿಲ್ಲದೆ ಓದುವ ಆಸೆಯಿದ್ದವರಿಗೆ ಮಲ್ಟಿಫೋಕಲ್ ಸರಿ, ರಾತ್ರಿ ದೀಪಗಳ ಸುತ್ತ ಉಂಗುರ ಕಾಣುವುದಕ್ಕೆ ಒಗ್ಗಿಕೊಳ್ಳಬೇಕು ಅಷ್ಟೆ. ಆದರೆ ಊರಲ್ಲಿ ಕಟ್ಟೆ ಮೇಲೆ ಕೂತು ಪೇಪರ್ ಓದುವ ಎಪ್ಪತ್ತೈದರ ಅಜ್ಜನಿಗೆ ಮಾಮೂಲಿ ಲೆನ್ಸ್ ಮತ್ತು ಇನ್ನೂರು ರೂಪಾಯಿಯ ಓದುವ ಕನ್ನಡಕ ಸಾಕಾಗಬಹುದು ಎಂಬ ಮಾತನ್ನು ಆ ಕೋಣೆಯಲ್ಲಿ ಹೇಳಬೇಕಾದವರು ಯಾರು? ಹೇಳಿದವರ ತಿಂಗಳ ಗುರಿ ಏನಾಗುತ್ತದೆ?

ಸರ್ಕಾರ ಇಲ್ಲಿ ಕೈ ಹಾಕಿಲ್ಲ. ಹೃದಯಕ್ಕೆ ಹಾಕುವ ಸ್ಟೆಂಟ್‌ಗೆ 2017ರ ಫೆಬ್ರವರಿಯಲ್ಲಿ, ಕೃತಕ ಮಂಡಿಗೆ ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಗರಿಷ್ಠ ಬೆಲೆ ಕಟ್ಟಿತು. ಕಣ್ಣೊಳಗಿನ ಲೆನ್ಸ್‌ಗೆ ಅಂಥ ಮಿತಿ ಬಂದಿಲ್ಲ. ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಎಂಆರ್‌ಪಿ ಏರಿಸಬಾರದು ಎಂಬ ಸಾಮಾನ್ಯ ನಿಯಮ ಮಾತ್ರ ಅನ್ವಯ. ಆರಂಭದಲ್ಲೇ ಎಂಆರ್‌ಪಿ ಎಷ್ಟು ಮುದ್ರಿಸಬೇಕು ಎಂದು ಕೇಳುವವರಿಲ್ಲ. ಆಸ್ಪತ್ರೆ ಅದನ್ನು ಎಷ್ಟಕ್ಕೆ ಕೊಂಡಿದೆ ಎಂಬುದು ಬಿಲ್ಲಿನಲ್ಲಿ ಬರುವುದೂ ಇಲ್ಲ.

ಅಮೆರಿಕದಲ್ಲಿ ಲೆಕ್ಕ ಸಿಕ್ಕಿತು

ಇದೆಲ್ಲ ಊಹೆ ಎನ್ನುವವರು ಅಮೆರಿಕದ ಕಡೆ ನೋಡಬಹುದು. ಅಲ್ಲಿ ಕಣ್ಣಿನ ವೈದ್ಯರ ಕ್ಲಿನಿಕ್‌ಗಳನ್ನು ಪ್ರೈವೇಟ್ ಇಕ್ವಿಟಿ ಕೊಳ್ಳತೊಡಗಿ ಹತ್ತು ವರ್ಷ ದಾಟಿದೆ. 2022ರ ಸೆಪ್ಟೆಂಬರ್‌ನಲ್ಲಿ 'ಜಾಮಾ ಹೆಲ್ತ್ ಫೋರಂ' ನಿಯತಕಾಲಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 2016ರಿಂದ 2020ರ ನಡುವೆ ಕೈ ಬದಲಿಸಿದ ಚರ್ಮ, ಜಠರ ಮತ್ತು ಕಣ್ಣಿನ 578 ಕ್ಲಿನಿಕ್‌ಗಳನ್ನು, ಕೈ ಬದಲಿಸದ ಅಂಥದೇ ಕ್ಲಿನಿಕ್‌ಗಳ ಜತೆ ಹೋಲಿಸಲಾಯಿತು. ಖರೀದಿಯಾದ ಮೇಲೆ ಪ್ರತಿ ಬಿಲ್ಲಿಗೆ ಹಾಕಿದ ಮೊತ್ತ ಸರಾಸರಿ 71 ಡಾಲರ್, ಅಂದರೆ ಶೇ. 20ರಷ್ಟು ಏರಿತ್ತು. ವಿಮೆಯವರು ಒಪ್ಪಿದ ಮೊತ್ತ ಶೇ. 11ರಷ್ಟು ಏರಿತ್ತು. ಹೊಸ ರೋಗಿಗಳ ಭೇಟಿ ಶೇ. 38ರಷ್ಟು ಹೆಚ್ಚಾಗಿತ್ತು. ಈ ಕೊನೆಯ ಅಂಕಿಯನ್ನು ಎರಡು ಬಗೆಯಲ್ಲಿ ಓದಬಹುದು. ಹೆಚ್ಚು ಜನರಿಗೆ ಚಿಕಿತ್ಸೆ ಸಿಕ್ಕಿತು ಎಂದೂ ಓದಬಹುದು, ಹೆಚ್ಚು ಜನರನ್ನು ಎಳೆದು ತರಲಾಯಿತು ಎಂದೂ ಓದಬಹುದು. ಅಧ್ಯಯನ ಅದನ್ನು ಬಿಡಿಸಿ ಹೇಳಲಾರದು.

ಅಲ್ಲಿನ ಇನ್ನೊಂದು ಪಾಠ ಸಾಲದ್ದು. ಸೇಂಟ್ ಲೂಯಿಸ್ ಮೂಲದ ಐಕೇರ್ ಪಾರ್ಟ್‌ನರ್ಸ್ ಎಂಬ ದೈತ್ಯ ಸರಣಿಯನ್ನು ಸ್ವಿಟ್ಜರ್ಲೆಂಡಿನ ಪಾರ್ಟ್‌ನರ್ಸ್ ಗ್ರೂಪ್ ದೊಡ್ಡ ಸಾಲದ ಬಲದಲ್ಲಿ ಕೊಂಡಿತು. ಬಡ್ಡಿ ಏರಿತು, ಸಾಲ ತೀರಿಸುವುದು ಕಷ್ಟವಾಯಿತು, 2024ರಲ್ಲಿ ಸಾಲಗಾರರ ಜತೆ ಕೂತು ಷರತ್ತು ಬದಲಿಸಿಕೊಳ್ಳಬೇಕಾಯಿತು. ಭಾರತದಲ್ಲಿ ಈ ಅಪಾಯ ಕಡಿಮೆ. ಕಂಪನಿ ಕೊಳ್ಳಲು ಬ್ಯಾಂಕುಗಳು ಸಾಲ ಕೊಡುವುದನ್ನು ಆರ್‌ಬಿಐ ಬಹಳ ಕಾಲ ಬಿಗಿಯಾಗಿ ನಿರ್ಬಂಧಿಸಿತ್ತು, ಹಾಗಾಗಿ ಇಲ್ಲಿಗೆ ಬಂದ ಹಣ ಬಹುಪಾಲು ಸ್ವಂತ ಬಂಡವಾಳ. ಅಮೆರಿಕದ ಕಥೆಯನ್ನು ಹಾಗೇ ತಂದು ಇಲ್ಲಿಗೆ ಅಂಟಿಸುವವರು ಈ ವ್ಯತ್ಯಾಸ ಮರೆಯುತ್ತಾರೆ.

ಆದರೆ ನಮ್ಮ ಪರವಾಗಿಲ್ಲದ ವ್ಯತ್ಯಾಸವೂ ಒಂದಿದೆ. ಅಮೆರಿಕದಲ್ಲಿ ಬಿಲ್ ಶೇ. 20 ಏರಿತು ಎಂದು ಗೊತ್ತಾದದ್ದು ವಿಮಾ ಕಂಪನಿಗಳ ಬಳಿ ಕೋಟ್ಯಂತರ ಬಿಲ್ಲುಗಳ ದಾಖಲೆ ಇದ್ದುದರಿಂದ. ಇಲ್ಲಿ ಬಿಲ್ ಇರುವುದು ಮನೆಯ ಬೀರುವಿನಲ್ಲಿ, ಹಳೆಯ ಎಕ್ಸ್‌ರೇ ಕವರಿನೊಳಗೆ. ಒಂದು ಆಸ್ಪತ್ರೆ ಕೈ ಬದಲಿಸಿದ ಮೇಲೆ ದರ ಏರಿತೋ ಇಳಿಯಿತೋ, ದುಬಾರಿ ಲೆನ್ಸ್ ಹಾಕಿಸಿಕೊಂಡವರ ಪ್ರಮಾಣ ಎಷ್ಟಾಯಿತು ಎಂದು ಹೊರಗಿನವರು ಲೆಕ್ಕ ಹಾಕುವ ದಾರಿಯೇ ಇಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಹೆಚ್ಚು ಕಳವಳದ ಸಂಗತಿ ಇದೇ. ಅನ್ಯಾಯ ಆಗುತ್ತಿದೆ ಎಂದು ಹೇಳಲು ಪುರಾವೆ ಇಲ್ಲ, ಆಗುತ್ತಿಲ್ಲ ಎನ್ನಲೂ ಇಲ್ಲ.

ವಾಸನ್ ಎಂಬ ಹಳೆಯ ಎಚ್ಚರಿಕೆ

ಹತ್ತು ಹದಿನೈದು ವರ್ಷದ ಹಿಂದೆ ಬೆಂಗಳೂರು, ಚೆನ್ನೈಯಲ್ಲಿದ್ದವರಿಗೆ ವಾಸನ್ ಐ ಕೇರ್ ಜಾಹೀರಾತು ನೆನಪಿರಬಹುದು. ತಿರುಚಿರಾಪಳ್ಳಿಯಲ್ಲಿ ಡಾ. ಎ.ಎಂ. ಅರುಣ್ ಆರಂಭಿಸಿದ ಈ ಸರಣಿಗೆ ಸಿಕೋಯಾ ಹಣ ಹಾಕಿತ್ತು, 2012ರಲ್ಲಿ ಸಿಂಗಪುರದ ಜಿಐಸಿ 10 ಕೋಟಿ ಡಾಲರ್ ಹಾಕಿತು. ಕರ್ನಾಟಕವೂ ಸೇರಿ ದೇಶದಲ್ಲಿ 170ರ ಆಸುಪಾಸು ಆಸ್ಪತ್ರೆಗಳು. ಜಗತ್ತಿನ ಅತಿ ದೊಡ್ಡ ಕಣ್ಣಾಸ್ಪತ್ರೆ ಸರಣಿಗಳಲ್ಲಿ ಒಂದು ಎಂಬ ಹೆಗ್ಗಳಿಕೆ.

ಮುಂದೆ ಬಾಡಿಗೆ, ಸಂಬಳ, ಸಾಲ ಎಲ್ಲವೂ ಒಟ್ಟಿಗೆ ಕುತ್ತಿಗೆಗೆ ಬಂದವು. ದಿವಾಳಿ ಪ್ರಕ್ರಿಯೆಗೆ ಎಳೆದದ್ದು ಯಾರು ಗೊತ್ತೇ? ಬ್ಯಾಂಕಲ್ಲ, ಕಣ್ಣಿನ ಲೆನ್ಸ್ ಪೂರೈಸುವ ಆಲ್ಕಾನ್ ಕಂಪನಿ. ಬಾಕಿ ಬರಲಿಲ್ಲವೆಂದು ಅದು ಚೆನ್ನೈ ಎನ್‌ಸಿಎಲ್‌ಟಿ ಮೆಟ್ಟಿಲೇರಿತು, 2017ರಲ್ಲಿ ಅರ್ಜಿ ಅಂಗೀಕಾರವಾಯಿತು. ಆ ಪ್ರಕರಣ ಎಳೆದಾಡಿ, ನಡುವೆ ಸ್ಥಾಪಕರು 2020ರಲ್ಲಿ ತೀರಿಕೊಂಡು, ಕೊನೆಗೆ 2023ರಲ್ಲಿ 526 ಕೋಟಿ ರೂಪಾಯಿಗೆ ವಾಸನ್ ಎಎಸ್‌ಜಿ ಪಾಲಾಯಿತು. ಎಎಸ್‌ಜಿಗೆ ಆ ಶಕ್ತಿ ಬಂದದ್ದು ಅದರ ಹಿಂದಿನ ವರ್ಷ ಬಂದ 1,500 ಕೋಟಿಯಿಂದ. ಒಂದು ಅಲೆಯ ಹೂಡಿಕೆ ಮುಳುಗಿಸಿದ್ದನ್ನು ಇನ್ನೊಂದು ಅಲೆಯ ಹೂಡಿಕೆ ಎತ್ತಿಕೊಂಡಿತು.

ಈ ಐದಾರು ವರ್ಷದಲ್ಲಿ ಮುಚ್ಚಿದ ಶಾಖೆಗಳ ರೋಗಿಗಳ ಕಡತ ಏನಾಯಿತು? ಗ್ಲಾಕೋಮಾ ಇದ್ದವರಿಗೆ ಹಳೆಯ ಪರೀಕ್ಷೆಗಳ ದಾಖಲೆಯೇ ಅರ್ಧ ಚಿಕಿತ್ಸೆ. ಒತ್ತಡ ಎಷ್ಟಿತ್ತು, ದೃಷ್ಟಿಯ ವ್ಯಾಪ್ತಿ ಎಷ್ಟು ಕುಗ್ಗಿದೆ ಎಂದು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಬೇಕಾದ ಕಾಯಿಲೆ ಅದು. ದಿವಾಳಿ ಕಾನೂನಿನಲ್ಲಿ ಸಾಲಗಾರರ ಸಮಿತಿ ಇದೆ. ರೋಗಿಗಳ ಸಮಿತಿ ಇಲ್ಲ.

ಹಾಗಾದರೆ ಹಣವೇ ಬೇಡವೇ?

ಬೇಡ ಎನ್ನುವುದು ಸುಲಭ. ಬೆಂಗಳೂರಿಗೆ ಮಿಂಟೊ ಇತ್ತು. ಉತ್ತರ ಕರ್ನಾಟಕದ ಹಿರಿಯರು 'ಮೋದಿ ಕಣ್ಣಿನ ಕ್ಯಾಂಪ್' ಎಂದರೆ ಇಂದಿಗೂ ಬೀಳಗಿ ಕಡೆಯ ಡಾ. ಎಂ.ಸಿ. ಮೋದಿ ಅವರನ್ನೇ ನೆನೆಯುತ್ತಾರೆ. ಊರೂರಿಗೆ ಹೋಗಿ ಉಚಿತವಾಗಿ ಪೊರೆ ತೆಗೆದವರು. ಮದುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದ ಅರವಿಂದ ಕಣ್ಣಾಸ್ಪತ್ರೆ, ಹಣ ಕೊಡಬಲ್ಲವರಿಂದ ಪಡೆದು ಕೊಡಲಾರದವರಿಗೆ ಉಚಿತವಾಗಿ ಮಾಡುತ್ತಲೇ ಜಗತ್ತಿನ ದೊಡ್ಡ ಸಂಸ್ಥೆಗಳಲ್ಲಿ ಒಂದಾಯಿತು. ಆಮದು ಲೆನ್ಸ್ ನೂರು ಡಾಲರ್ ದಾಟಿದ್ದ ಕಾಲದಲ್ಲಿ ಅದು 1992ರಲ್ಲಿ ಅರೋಲ್ಯಾಬ್ ಸ್ಥಾಪಿಸಿ ಹತ್ತು ಡಾಲರ್ ಆಸುಪಾಸಿಗೆ ಲೆನ್ಸ್ ತಯಾರಿಸಿತು. ಹೈದರಾಬಾದಿನ ಎಲ್.ವಿ. ಪ್ರಸಾದ್, ಚೆನ್ನೈಯ ಶಂಕರ ನೇತ್ರಾಲಯ ಇದೇ ಸಾಲಿನವು. ಹೊರಗಿನ ಲಾಭದ ಹಣವಿಲ್ಲದೆ ಉತ್ತಮ ಕಣ್ಣಾಸ್ಪತ್ರೆ ಕಟ್ಟಬಹುದು ಎಂದು ದಕ್ಷಿಣ ಭಾರತ ಜಗತ್ತಿಗೇ ತೋರಿಸಿದೆ.

ಆದರೆ ಅರವಿಂದದಂಥ ಸಂಸ್ಥೆ ಪ್ರತಿ ಜಿಲ್ಲೆಯಲ್ಲೂ ಹುಟ್ಟುವುದಿಲ್ಲ. ಟ್ರಸ್ಟ್ ಆಸ್ಪತ್ರೆಗಳು ನಿಧಾನ, ಸರ್ಕಾರಿ ಆಸ್ಪತ್ರೆಗಳಲ್ಲಿ ಸರದಿ ಉದ್ದ. ಸರಣಿಗಳು ಎರಡನೇ ಮೂರನೇ ಹಂತದ ಊರುಗಳಿಗೆ ರೆಟಿನಾ ತಜ್ಞರನ್ನು ತಂದಿವೆ. ಮೊದಲು ಸಕ್ಕರೆ ಕಾಯಿಲೆಯಿಂದ ಕಣ್ಣಿನೊಳಗೆ ರಕ್ತಸ್ರಾವ ಆದರೆ ರಾತ್ರಿ ಬಸ್ ಹಿಡಿದು ರಾಜಧಾನಿಗೆ ಹೋಗಬೇಕಿತ್ತು. ಎಎಸ್‌ಜಿ ಹುಟ್ಟಿದ್ದೇ ಜೋಧ್‌ಪುರದಲ್ಲಿ, ದೆಹಲಿಯಲ್ಲಲ್ಲ. ಜೀವನವಿಡೀ ದುಡಿದ ವೈದ್ಯರು ತಮ್ಮ ಆಸ್ಪತ್ರೆಗೆ ಒಳ್ಳೆಯ ಬೆಲೆ ಪಡೆದು ನಿವೃತ್ತರಾಗುವುದನ್ನು ಪಾಪ ಎನ್ನಲೂ ಆಗದು. ಬಂಡವಾಳ ಬಂದದ್ದು ತಪ್ಪಲ್ಲ. ಅದರ ಜತೆಗೆ ಬರಬೇಕಿದ್ದ ನಿಯಮ ಬರಲಿಲ್ಲ ಎಂಬುದೇ ನನ್ನ ತಕರಾರು.

ಆಸ್ಪತ್ರೆ ಕ್ಷೇತ್ರಕ್ಕೆ ಶೇ. 100 ವಿದೇಶಿ ಹೂಡಿಕೆ ನೇರವಾಗಿ ಬರಬಹುದು, ಸರ್ಕಾರದ ಮುಂಗಡ ಅನುಮತಿ ಬೇಕಿಲ್ಲ. ಒಂದೊಂದೇ ಸಣ್ಣ ಆಸ್ಪತ್ರೆ ಕೊಳ್ಳುವಾಗ ಸ್ಪರ್ಧಾ ಆಯೋಗ ನೋಡುವುದಿಲ್ಲ. 2024ರಲ್ಲಿ ಏರಿಸಿದ ಮಿತಿಯಂತೆ, ಕೊಳ್ಳಲಾಗುವ ಸಂಸ್ಥೆಯ ಆಸ್ತಿ 450 ಕೋಟಿ ಅಥವಾ ವಹಿವಾಟು 1,250 ಕೋಟಿ ಮೀರದಿದ್ದರೆ ಸಾಮಾನ್ಯವಾಗಿ ಆಯೋಗಕ್ಕೆ ತಿಳಿಸಬೇಕಾಗಿಲ್ಲ. ಯಾವ ಊರಿನ ಕಣ್ಣಾಸ್ಪತ್ರೆ ತಾನೇ ಅಷ್ಟು ದೊಡ್ಡದು? ಒಂದು ಪಟ್ಟಣದ ನಾಲ್ಕು ಕಣ್ಣಾಸ್ಪತ್ರೆಯಲ್ಲಿ ಮೂರು ಒಂದೇ ಸರಣಿಗೆ ಸೇರಿದರೂ ಕಾಗದದ ಮೇಲೆ ಅದು ಮೂರು ಚಿಕ್ಕ ವ್ಯವಹಾರ. ಇನ್ನು ಕಮಿಷನ್ ವಿಷಯ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದು, ಪಡೆಯುವುದು ವೈದ್ಯರಿಗೆ 2002ರ ವೃತ್ತಿ ನಡತೆ ನಿಯಮಗಳಲ್ಲೇ ನಿಷಿದ್ಧ. ಆದರೆ ಆ ನಿಯಮ ಅನ್ವಯಿಸುವುದು ನೋಂದಾಯಿತ ವೈದ್ಯರಿಗೆ. ಆಸ್ಪತ್ರೆ ನಡೆಸುವ ಕಂಪನಿಗೆ, ಅದರ ಹಿಂದಿರುವ ನಿಧಿಗೆ ವೈದ್ಯಕೀಯ ಆಯೋಗದ ಕೈ ತಲುಪುವುದಿಲ್ಲ.

ದರದ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಅದೂ ಪೊರೆಯ ಉದಾಹರಣೆಯೊಂದಿಗೇ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಕಣ್ಣಿಗೆ ಸುಮಾರು 10,000 ರೂಪಾಯಿ ಆಗುವುದು ಖಾಸಗಿಯಲ್ಲಿ 30,000ದಿಂದ 1,40,000 ಆಗುತ್ತದೆ ಎಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ವಾದಿಸಿತು. 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯಡಿ ದರ ನಿಗದಿ ಮಾಡಲು ಇಷ್ಟು ವರ್ಷ ಯಾಕೆ ಆಗಲಿಲ್ಲ ಎಂದು 2024ರ ಫೆಬ್ರವರಿಯಲ್ಲಿ ಕೋರ್ಟ್ ಕೇಂದ್ರವನ್ನು ತರಾಟೆಗೆ ತೆಗೆದುಕೊಂಡಿತು. ಅದರ ಬೆನ್ನಿಗೇ ಅಖಿಲ ಭಾರತ ನೇತ್ರವೈದ್ಯರ ಸಂಘ ಏಕರೂಪ ದರದ ವಿರುದ್ಧ ಅರ್ಜಿ ಹಾಕಿತು. ಮಹಾನಗರಕ್ಕೂ ಹಳ್ಳಿಗೂ ಒಂದೇ ದರ ಹೇಗೆ ಸಾಧ್ಯ ಎಂಬ ಅವರ ಪ್ರಶ್ನೆಯಲ್ಲಿ ತಿರುಳಿಲ್ಲದಿಲ್ಲ. ಒಂದೇ ದರ ಬೇಡ, ಸರಿ. ಲೆನ್ಸ್‌ನ ಹೆಸರು, ಕಂಪನಿ, ಆಸ್ಪತ್ರೆ ಕೊಂಡ ಬೆಲೆ, ಶಸ್ತ್ರಚಿಕಿತ್ಸೆಯ ಶುಲ್ಕ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಬರಲಿ, ಆಸ್ಪತ್ರೆಯ ಒಡೆತನ ಯಾರದೆಂದು ಬಾಗಿಲಲ್ಲೇ ಬರೆದಿರಲಿ ಎಂದರೆ ಅದಕ್ಕೆ ಹಳ್ಳಿ ದಿಲ್ಲಿಯ ಭೇದ ಅಡ್ಡಬರುವುದಿಲ್ಲವಲ್ಲ.

ಕರ್ನಾಟಕ ಇದಕ್ಕೆ ಹೊರತಲ್ಲ ಎಂಬುದಕ್ಕೆ ಕಣ್ಣಿನಾಚೆಗೂ ಉದಾಹರಣೆ ಇದೆ. ಮಣಿಪಾಲ್ ಆಸ್ಪತ್ರೆಗಳಲ್ಲಿ 2023ರಲ್ಲಿ ತನ್ನ ಪಾಲನ್ನು ಶೇ. 59ಕ್ಕೆ ಏರಿಸಿಕೊಂಡದ್ದು ಇದೇ ಟೆಮಾಸೆಕ್. ಬಿಲ್ ಹೆಚ್ಚಾಯಿತೆಂದು ನಾವು ಬೈಯುವುದು ಕೌಂಟರಿನಲ್ಲಿರುವ ಹುಡುಗಿಯನ್ನು. ನಿರ್ಧಾರ ಆಗುವ ಮೇಜು ಮಾತ್ರ ಬೇರೆ ದೇಶದಲ್ಲಿ ಇರಬಹುದು.

ಸದ್ಯಕ್ಕೆ ಗಮನಿಸಬೇಕಾದದ್ದು ಮುಂದಿನ ಎರಡು ಮೂರು ವರ್ಷ. ಎಎಸ್‌ಜಿಗೆ ಹಣ ಬಂದದ್ದು 2022ರಲ್ಲಿ, ಮ್ಯಾಕ್ಸಿವಿಷನ್‌ಗೆ 2023ರಲ್ಲಿ. ನಾಲ್ಕೈದರಿಂದ ಏಳು ವರ್ಷ ಎಂಬ ಮಾಮೂಲಿ ಲೆಕ್ಕ ಹಿಡಿದರೆ 2027ರಿಂದ 2030ರ ನಡುವೆ ಆ ಹಣ ಹೊರಡಬೇಕು, ಷೇರುಪೇಟೆಯ ಮೂಲಕವೋ ಇನ್ನೊಂದು ನಿಧಿಗೆ ಮಾರಿಯೋ. ಮಾರುವ ಮುಂಚಿನ ಎರಡು ವರ್ಷ ಲಾಭದ ಗೆರೆ ಮೇಲಕ್ಕೇ ಹೋಗುತ್ತಿರಬೇಕು ಎಂಬುದು ಈ ವ್ಯವಹಾರದ ಅಲಿಖಿತ ನಿಯಮ. ಅಷ್ಟರೊಳಗೆ ಅಪ್ಪ ಅಮ್ಮನ ಕಣ್ಣಿಗೆ ಆಪರೇಷನ್ ಮಾಡಿಸುವವರಿದ್ದರೆ, ಕೌನ್ಸೆಲಿಂಗ್ ಕೋಣೆಯಿಂದ ಎದ್ದು ಮತ್ತೆ ಡಾಕ್ಟರ ಬಳಿಗೇ ಹೋಗಿ 'ಇವರು ನಿಮ್ಮ ತಂದೆಯಾಗಿದ್ದರೆ ಯಾವ ಲೆನ್ಸ್ ಹಾಕುತ್ತಿದ್ದಿರಿ' ಎಂದು ಕೇಳಿ ನೋಡಿ. ಆ ಪ್ರಶ್ನೆಗೆ ಬರುವ ಉತ್ತರ ಬಹಳಷ್ಟು ಸಲ ದರಪಟ್ಟಿಯ ಮೇಲಿನ ಸಾಲಿನದ್ದಾಗಿರುವುದಿಲ್ಲ.